ಲ್ಯಾಬ್ ಮಕ್ಕಳಿಗೆ ವ್ಯಾಪಾರದ ಪಾಠ: ಎಲ್ಲಿಂದ ಶುರು ಮಾಡಲಿ?

ಕಾಮರ್ಸ್ ಮೇಡಂ, ಶಿವಮೊಗ್ಗ

ನಮಸ್ಕಾರ. ನಾನು ಓದಿದ್ದು ಎಂ.ಕಾಂ. ಈ ವರ್ಷ ಶಿವಮೊಗ್ಗದ ಒಂದು ಪ್ಯಾರಾಮೆಡಿಕಲ್ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದೇನೆ. ವಾರಕ್ಕೆ ಎರಡು ಗಂಟೆ ಪಾಠ. ವಿಷಯದ ಹೆಸರು ‘ಉದ್ಯಮಶೀಲತೆ ಮತ್ತು ಸಣ್ಣ ವ್ಯವಹಾರ ನಿರ್ವಹಣೆ’. ಹೆಸರು ಕೇಳಿದರೇ ಮಕ್ಕಳಿಗೆ ನಿದ್ದೆ ಬರುತ್ತೆ. ಅವರ ತಪ್ಪಲ್ಲ ಬಿಡಿ. ಬೆಳಿಗ್ಗೆ ಏಳಕ್ಕೆ ಆಸ್ಪತ್ರೆ ಪೋಸ್ಟಿಂಗ್, ಅಲ್ಲಿ ಮಧ್ಯಾಹ್ನದವರೆಗೆ ನಿಂತೇ ಇರಬೇಕು. ಆಮೇಲೆ ಡಬ್ಬಿ ಊಟ ಮುಗಿಸಿ ಎರಡು ಗಂಟೆಗೆ ನನ್ನ ಕ್ಲಾಸ್. ಫ್ಯಾನ್ ಕೆಳಗೆ ಕೂತವರು ಐದೇ ನಿಮಿಷದಲ್ಲಿ ತೂಕಡಿಸುತ್ತಾರೆ.

ಒಟ್ಟು 31 ಜನ. ಲ್ಯಾಬ್‌ನವರೇ ಜಾಸ್ತಿ. ಉಳಿದವರು ಎಕ್ಸ್‌ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್. ಹೊಸನಗರ, ಸೊರಬ, ತೀರ್ಥಹಳ್ಳಿ, ಶಿಕಾರಿಪುರ ಕಡೆಯ ಮಕ್ಕಳು. ಮೊದಲ ಮೂರು ವಾರ ನೋಟ್ಸ್ ಹೇಳಿದ ಹಾಗೆ ಹೋದೆ. ಉದ್ಯಮಿಯ ಗುಣಗಳು, ಮಾರುಕಟ್ಟೆ ಸಮೀಕ್ಷೆ, ಬಂಡವಾಳದ ಮೂಲಗಳು. ನಾಲ್ಕನೇ ವಾರ, ‘ನಿಮ್ಮೂರಿನಲ್ಲಿ ನೀವೇ ಒಂದು ಲ್ಯಾಬ್ ಇಟ್ಟರೆ ಲೆಕ್ಕ ಹೇಗಿರುತ್ತೆ, ಬರ್ಕೊಂಡು ಬನ್ನಿ’ ಅಂದೆ.

ಮುಕ್ಕಾಲು ಪಾಲು ಹಾಳೆಗಳಲ್ಲಿ ಒಂದೇ ಲೆಕ್ಕ. ದಿನಕ್ಕೆ 50 ಪೇಶೆಂಟ್, ತಲೆಗೆ 500 ರೂಪಾಯಿ, ತಿಂಗಳಿಗೆ ಏಳೂವರೆ ಲಕ್ಷ. ಭಾನುವಾರಕ್ಕೂ ರಜೆ ಇಲ್ಲ. ಖರ್ಚಿನ ಕಡೆ ಬಾಡಿಗೆ 5,000 ಅಂತ ಒಂದು ಸಾಲು, ಅದರ ಕೆಳಗೆ ಖಾಲಿ. ಯಾರೋ ಒಬ್ಬರು ಬರೆದಿದ್ದನ್ನು ಉಳಿದವರು ಇಳಿಸಿಕೊಂಡಿದ್ದಾರೆ, ಗೊತ್ತಾಗುತ್ತೆ. ಬೈಯೋಣ ಅಂತ ಕೆಂಪು ಪೆನ್ನು ಹಿಡಿದೆ. ಆಮೇಲೆ ನನಗೇ ನಾಚಿಕೆ ಆಯಿತು. ಈ ಲೆಕ್ಕ ತಪ್ಪು ಅಂತ ಗೊತ್ತು, ಸರಿ ಲೆಕ್ಕ ಯಾವುದು ಅಂತ ನನಗೂ ಗೊತ್ತಿಲ್ಲ! ಒಂದು ಶುಗರ್ ಟೆಸ್ಟ್‌ಗೆ ಎಷ್ಟು ಖರ್ಚಾಗುತ್ತೆ ಅಂತ ಕೇಳಿದರೆ ನಾನೂ ಆ ಮಕ್ಕಳ ಪಕ್ಕದ ಬೆಂಚಿನಲ್ಲೇ ಕೂರಬೇಕು.

ಕಿರಾಣಿ ಅಂಗಡಿ ಲೆಕ್ಕ ಕೇಳಿ, ಹೇಳ್ತೀನಿ. ನಮ್ಮಪ್ಪನದ್ದೇ ಅಂಗಡಿ. ಆದರೆ ರಕ್ತ, ಮೂತ್ರ, ಮೂಳೆ ಇವುಗಳ ವ್ಯಾಪಾರ ಬೇರೆ ಅಲ್ವಾ? ಇಲ್ಲಿ ಯಾರಾದರೂ ಸಣ್ಣ ಲ್ಯಾಬ್, ಫಿಸಿಯೊಥೆರಪಿ ಸೆಂಟರ್ ಇಟ್ಟವರು ಇದ್ದರೆ ಹೇಳಿ. ಪುಸ್ತಕದ್ದು ಬೇಡ. ಈ ಮಕ್ಕಳಿಗೆ ನಿಜವಾಗಿ ಏನು ಹೇಳಿಕೊಡಬೇಕು?


ತುಂಗೆ ದಡದ ಲ್ಯಾಬ್, ತೀರ್ಥಹಳ್ಳಿ

ಮೇಡಂ, ನಿಮ್ಮ ಪೋಸ್ಟ್ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಲ್ಯಾಬ್ ತೆರೆಯುವ ಮುಂಚೆ ಆ ಹಾಳೆಯನ್ನೇ ನಾನೂ ಬರೆದಿದ್ದೆ. ಕಾಲೇಜಿಗಲ್ಲ, ಬ್ಯಾಂಕಿಗೆ.

ನಮ್ಮದು ಸಣ್ಣ ಲ್ಯಾಬ್. ನಾನು, ಒಬ್ಬಳು ಸಹಾಯಕಿ. ಒಂದು ಸೆಮಿ ಆಟೋ ಅನಲೈಸರ್, ಒಂದು ಸೆಲ್ ಕೌಂಟರ್, ಸೆಂಟ್ರಿಫ್ಯೂಜ್, ಮೈಕ್ರೋಸ್ಕೋಪ್, ಫ್ರಿಜ್. ಫ್ರಿಜ್‌ನಲ್ಲಿ ರೀಏಜೆಂಟ್ (ಟೆಸ್ಟ್ ಮಾಡೋಕೆ ಬಳಸುವ ರಾಸಾಯನಿಕ) ಬಿಟ್ಟು ಬೇರೇನೂ ಇಡೋ ಹಾಗಿಲ್ಲ. ಹಾಗಾಗಿ ನನ್ನ ಮಜ್ಜಿಗೆ ಬಾಟಲಿ ಬಕೆಟ್ ನೀರಿನಲ್ಲಿ ಇರುತ್ತೆ.

ನನ್ನ ಸಲಹೆ ಒಂದೇ. ಆ ಬಿಸಿನೆಸ್ ಪ್ಲಾನ್ ಅನ್ನೋದನ್ನು ಸದ್ಯಕ್ಕೆ ಬದಿಗಿಡಿ. ಒಂದು ಶುಗರ್ ಟೆಸ್ಟನ್ನು ಟೇಬಲ್ ಮೇಲೆ ಇಡಿ. ಅಕ್ಷರಶಃ ಇಡಿ. ಸೂಜಿ ಸಿರಿಂಜು 5 ರೂಪಾಯಿ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ 4. ಗ್ಲೌಸ್ 5. ಹತ್ತಿ, ಸ್ಪಿರಿಟ್, ಪಟ್ಟಿ ಸೇರಿ 2. ರೀಏಜೆಂಟ್ 5. ರಿಪೋರ್ಟ್ ಹಾಳೆ, ಇಂಕು 2. ಒಟ್ಟು 23. ನಾನು ತಗೊಳ್ಳೋದು 60. ಮಕ್ಕಳು ಇಲ್ಲಿಗೇ ‘37 ರೂಪಾಯಿ ಲಾಭ’ ಅಂತ ಕೈ ಎತ್ತುತ್ತಾರೆ. ಎತ್ತಲಿ ಬಿಡಿ.

ಆಮೇಲೆ ಕೇಳಿ: ‘ಬೆಳಿಗ್ಗೆ ಕಂಟ್ರೋಲ್ ಹಾಕಿದ್ರಾ?’ ಲ್ಯಾಬ್ ಮಕ್ಕಳಿಗೆ ಇದು ಗೊತ್ತಿರುತ್ತೆ. ಮೊದಲ ಪೇಶೆಂಟ್‌ಗಿಂತ ಮುಂಚೆ, ಉತ್ತರ ಗೊತ್ತಿರೋ ಸ್ಯಾಂಪಲ್ ಹಾಕಿ ಮೆಷಿನ್ ಸರಿ ಇದೆಯಾ ನೋಡಬೇಕು. ನನ್ನ ಲೆಕ್ಕದಲ್ಲಿ ಶುಗರ್ ಒಂದಕ್ಕೇ ಅದಕ್ಕೆ ದಿನಕ್ಕೆ ಹತ್ತಿರ ಹತ್ತಿರ 60 ರೂಪಾಯಿ. 20 ಜನ ಬಂದರೆ ತಲೆಗೆ 3 ರೂಪಾಯಿ ಬೀಳುತ್ತೆ. ಇಬ್ಬರೇ ಬಂದರೆ ತಲೆಗೆ 30. ಆಗ 23 ಇದ್ದಿದ್ದು 53 ಆಯ್ತು. ಇಬ್ಬರೇ ಬಂದ ದಿನ ಕಂಟ್ರೋಲ್ ಬಿಡೋಣ ಅನ್ನೋ ಆಸೆ ಬರುತ್ತೆ ನೋಡಿ, ವ್ಯಾಪಾರದ ಪಾಠ ಅಲ್ಲಿಂದ ಶುರು.

ತಿಂಗಳ ಲೆಕ್ಕ ಇನ್ನೊಂದು. ಬಾಡಿಗೆ 7,000. ಸಹಾಯಕಿಗೆ 11,000. ರಿಪೋರ್ಟ್ ನೋಡಿ ಸಹಿ ಹಾಕುವ ಡಾಕ್ಟರಿಗೆ 12,000. ಕರೆಂಟು, ಫೋನು, ಇಂಟರ್ನೆಟ್ 3,000. ತ್ಯಾಜ್ಯದ ಗಾಡಿ, ಮೆಷಿನ್ ಸರ್ವಿಸ್ 3,000. ಸಾಲದ ಕಂತು 9,000. ಕೂಡಿದರೆ 45,000. ನಮ್ಮಲ್ಲಿ ಒಬ್ಬರ ಬಿಲ್ಲು ಸರಾಸರಿ 250, ಅದರಲ್ಲಿ ಸಾಮಾನಿಗೆ 100 ಹೋದರೆ ಕೈಗೆ 150. ಅಂದರೆ ತಿಂಗಳಿಗೆ 300 ಜನ, 25 ದಿನಕ್ಕೆ ಹಂಚಿದರೆ ದಿನಕ್ಕೆ 12 ಜನ. 12 ಜನ ಬಂದರೆ ಲ್ಯಾಬ್ ತನ್ನ ಕಾಲ ಮೇಲೆ ನಿಲ್ಲುತ್ತೆ ಅಂತ ನಾನು ಮೊದಲನೇ ವರ್ಷ ಖುಷಿಯಾಗಿದ್ದೆ.

ನನ್ನ ಸಂಬಳವನ್ನೇ ಬರೆದಿರಲಿಲ್ಲ ಮಾರಾಯ್ರೆ! 15,000 ನನಗೆ ಅಂತ ಸೇರಿಸಿದರೆ 60,000. ಆಗ ದಿನಕ್ಕೆ 16 ಜನ ಬೇಕು. ಜುಲೈನಲ್ಲಿ ಮಳೆ ಹಿಡಿದು ಕೂತರೆ 6 ಜನ ಬರ್ತಾರೆ. ಒಂದೊಂದು ದಿನ ಮೂರು. ಒಂದು ವರ್ಷ ನಾನು ಅಮ್ಮನ ಮನೆಯ ಅಕ್ಕಿ ತಿಂದುಕೊಂಡು ಊರಿಗೆಲ್ಲ ರಕ್ತ ಪರೀಕ್ಷೆ ಮಾಡಿದೆ.

ಉದ್ರಿ ಪುಸ್ತಕದ ವಿಷಯವನ್ನೂ ಹೇಳಿ. ನಮ್ಮ ಕಡೆ ದುಡ್ಡು ಓಡಾಡುವುದು ಅಡಿಕೆ ಮಾರಿದ ಮೇಲೆ. ಮಳೆಗಾಲದಲ್ಲಿ ತೋಟಕ್ಕೆ ಬೋರ್ಡೊ ಹೊಡೆಸೋದು, ಆಳಿನ ಕೂಲಿ, ಮಕ್ಕಳ ಫೀಸು, ಎಲ್ಲ ಹೋಗುವ ಖರ್ಚೇ. ‘ರಾಶಿ ಮಂಡಿಗೆ ಹಾಕಿದ ಮೇಲೆ ಕೊಡ್ತೀನಿ ಮಗಾ’ ಅಂದರೆ ಇಲ್ಲ ಅನ್ನೋಕಾಗುತ್ತಾ? ಹಿಂದಿನ ಸಲ ಜೂನ್‌ನಿಂದ ಅಕ್ಟೋಬರ್‌ವರೆಗೆ ನನ್ನ ಪುಸ್ತಕದಲ್ಲಿ 38,000 ಉದ್ರಿ ನಿಂತಿತ್ತು. ಜನವರಿಯಲ್ಲಿ ಹೆಚ್ಚು ಕಡಿಮೆ ಎಲ್ಲ ಬಂತು, ಜನ ಒಳ್ಳೆಯವರೇ. ಆದರೆ ರೀಏಜೆಂಟ್ ಕೊಡುವವನು ಜನವರಿವರೆಗೆ ಕಾಯಲ್ಲ. ಅವನಿಗೆ 30 ದಿನಕ್ಕೆ ಚೆಕ್ ಬೇಕು. ಪುಸ್ತಕದಲ್ಲಿ ಲಾಭ, ಗಲ್ಲಾದಲ್ಲಿ ಚಿಲ್ಲರೆ.

ಒಂದು ಕಿಟ್ ಕಥೆ ಹೇಳಿ ನಿಲ್ಲಿಸ್ತೀನಿ. ಒಂದು ಮಳೆಗಾಲ ಡೆಂಗಿ ಜೋರಾಗಿತ್ತು. ಕಿಟ್ ಮಾರುವ ಕಂಪನಿ ರೆಪ್ ಒಬ್ಬ ಬಂದು, ‘ಅಕ್ಕಾ, ಡೆಂಗಿ ಪತ್ತೆ ಮಾಡೋ ಎಲೈಸಾ ಕಿಟ್ ತಗೊಳ್ಳಿ, ಎರಡು ತಗೊಂಡ್ರೆ ರೇಟ್ ಕಡಿಮೆ’ ಅಂದ. ಒಂದು ಕಿಟ್‌ನಲ್ಲಿ ಸ್ಯಾಂಪಲ್ ಹಾಕೋ 96 ಪುಟ್ಟ ಗುಂಡಿ, ಅಂದರೆ ಕುಳಿ. 96 ಜನಕ್ಕೆ ಆಗುತ್ತೆ ಅಂತ ಅವನ ಲೆಕ್ಕ, ನನ್ನದೂ ಅದೇ. ಆದರೆ ಪ್ರತಿ ಸಲ ಹಾಕುವಾಗಲೂ ಕಂಟ್ರೋಲ್‌ಗಳಿಗೇ ಒಂದಿಷ್ಟು ಗುಂಡಿ ಹೋಗುತ್ತೆ. ದೊಡ್ಡ ಲ್ಯಾಬ್‌ನವರು ಒಂದೇ ಸಲ ಎಂಬತ್ತು ಸ್ಯಾಂಪಲ್ ಹಾಕ್ತಾರೆ. ನಾನು ಮೂರು ಜನರ ಸ್ಯಾಂಪಲ್ ಇಟ್ಕೊಂಡು ನಾಲ್ಕನೆಯವರಿಗೆ ಕಾದರೆ, ಜ್ವರ ಬಂದವರು ಕಾಯ್ತಾರಾ? ಡಿಸೆಂಬರ್‌ನಲ್ಲಿ ಒಂದೂವರೆ ಕಿಟ್ ಎಕ್ಸ್‌ಪೈರಿ ಆಗಿ ತ್ಯಾಜ್ಯಕ್ಕೆ ಹೋಯಿತು. ದರ ಏರಿಸಿ ಹೊಂದಿಸೋಕೂ ಎಲ್ಲಾ ಕಾಲದಲ್ಲೂ ಆಗಲ್ಲ. 2024ರ ಜುಲೈನಲ್ಲಿ ಸರ್ಕಾರವೇ ಡೆಂಗಿ ಎನ್‌ಎಸ್‌1 ಅನ್ನೋ ಎಲೈಸಾ ಟೆಸ್ಟಿಗೆ 300 ರೂಪಾಯಿ ಅಂತ ಮಿತಿ ಹಾಕಿತು. ಅದು ಸರಿಯೇ, ಜನರಿಗೆ ಒಳ್ಳೆಯದೇ. ಆದರೆ ನಮ್ಮ ಬೆಲೆ ಯಾವಾಗಲೂ ನಮ್ಮ ಕೈಲಿಲ್ಲ ಅನ್ನೋದು ಮಕ್ಕಳಿಗೆ ಗೊತ್ತಿರಲಿ.

ಈಗ ಥೈರಾಯ್ಡ್, ಡೆಂಗಿ ಎಲೈಸಾ ಎಲ್ಲ ಶಿವಮೊಗ್ಗದ ದೊಡ್ಡ ಲ್ಯಾಬ್‌ಗೆ ಕಳಿಸ್ತೀನಿ. ಇಲ್ಲೇ ರಕ್ತದಿಂದ ಸೀರಂ (ಮೇಲಿನ ತಿಳಿ) ಬೇರೆ ಮಾಡಿ, ಐಸ್ ಪ್ಯಾಕ್ ಇಟ್ಟು ಕಳಿಸೋದು. ಬೇರೆ ಮಾಡದೆ ಹಾಗೇ ಕಳಿಸಿದರೆ ಮಂಡಗದ್ದೆ ರಸ್ತೆಯ ಕುಲುಕಾಟಕ್ಕೆ ರಕ್ತದ ಕಣ ಒಡೆದು ಪೊಟ್ಯಾಸಿಯಂ ಸುಳ್ಳೇ ಏರಿರುತ್ತೆ. ಅದೂ ವ್ಯಾಪಾರದ ಪಾಠವೇ. ಒಂದು ತಪ್ಪು ರಿಪೋರ್ಟ್ ಹೋದರೆ ಆ ಊರಿನಿಂದ ಆಮೇಲೆ ಒಬ್ಬರೂ ಬರಲ್ಲ.


ನಿವೃತ್ತ ಬ್ಯಾಂಕಿನವ, ಭದ್ರಾವತಿ

ಮೇಲಿನ ತಂಗಿ ಬರೆದ ಲೆಕ್ಕ ನನ್ನ ಟೇಬಲ್ಲಿಗೆ ಬಂದಿದ್ದರೆ ಅವತ್ತೇ ಸಾಲ ಮಂಜೂರು ಮಾಡ್ತಿದ್ದೆ. ನಮಗೆ ಬರುತ್ತಿದ್ದ ಪ್ರಾಜೆಕ್ಟ್ ರಿಪೋರ್ಟ್‌ಗಳೇ ಬೇರೆ. ಯಾವುದೋ ಆಡಿಟರ್ ಆಫೀಸಿನಲ್ಲಿ ಹೆಸರು ಬದಲಿಸಿ ಪ್ರಿಂಟ್ ತೆಗೆದದ್ದು. ಒಮ್ಮೆ ಲ್ಯಾಬ್‌ನ ರಿಪೋರ್ಟ್‌ನಲ್ಲಿ ‘ಕಚ್ಚಾ ಮಾಲು: ಮೈದಾ, ಸಕ್ಕರೆ’ ಅಂತ ಇತ್ತು. ಹಿಂದಿನ ಗಿರಾಕಿ ಬೇಕರಿಯವನು, ಇನ್ನೇನು!

ಮೇಡಂ, ಮಕ್ಕಳಿಗೆ ಸಾಲದ ವಿಷಯ ಚುಟುಕಾಗಿ ಹೇಳಿ, ಅದಕ್ಕೇ ನಾಲ್ಕು ವಾರ ಬೇಡ. ಕೇಂದ್ರದ ಮುದ್ರಾ ಸಾಲದಲ್ಲಿ ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ತರುಣ್ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೂ ಇದೆ. ಅಡಮಾನ ಕೇಳುವ ಹಾಗಿಲ್ಲ. ಆದರೆ ಅಡಮಾನ ಇಲ್ಲ ಅಂದರೆ ವಾಪಸ್ ಕೊಡೋದು ಬೇಡ ಅಂತ ಅಲ್ಲ, ಇದನ್ನು ಎರಡು ಸಲ ಹೇಳಿ. ಪಿಎಂಇಜಿಪಿ ಅನ್ನೋ ಕೇಂದ್ರದ ಉದ್ಯೋಗ ಸೃಷ್ಟಿ ಯೋಜನೆಯಲ್ಲಿ ಸಬ್ಸಿಡಿ ಸಿಗುತ್ತೆ. ಹಳ್ಳಿಯಲ್ಲಿ ಘಟಕ ಇಟ್ಟರೆ ಸಾಮಾನ್ಯ ವರ್ಗಕ್ಕೆ ನೂರಕ್ಕೆ 25. ಮಹಿಳೆಯರು, ಪರಿಶಿಷ್ಟರು ಮುಂತಾದವರಿಗೆ 35. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು. ಆ ಸಬ್ಸಿಡಿ ಕೈಗೆ ಬರಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿರುತ್ತೆ. ಅದನ್ನು ನಂಬಿ ಮೆಷಿನ್ ಬುಕ್ ಮಾಡಿ ಒದ್ದಾಡಿದವರನ್ನು ನೋಡಿದ್ದೇನೆ. ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿ ಪುಕ್ಕಟೆ. ಸೈಬರ್ ಸೆಂಟರಿನಲ್ಲಿ 500 ಕೇಳಿದರೆ ಅದು ಟೈಪ್ ಮಾಡಿದ್ದಕ್ಕೆ, ಸರ್ಕಾರಕ್ಕಲ್ಲ.

ಇನ್ನೊಂದು ಮಾತು. ಕಂತು ಯಾವ ತಿಂಗಳಿಂದ ಶುರು ಅಂತ ಯಾರೂ ಕೇಳಲ್ಲ. ಮೇ ತಿಂಗಳಲ್ಲಿ ಲ್ಯಾಬ್ ತೆರೆದರೆ ಮೊದಲ ಕಂತುಗಳೆಲ್ಲ ಮಳೆಗಾಲಕ್ಕೇ ಬೀಳುತ್ತವೆ. ನಮ್ಮಲ್ಲಿ ಬಂದ ಒಂದು ರಿಪೋರ್ಟ್‌ನಲ್ಲೂ ಮಳೆಗಾಲ ಇರಲಿಲ್ಲ. ಹನ್ನೆರಡು ತಿಂಗಳೂ ಒಂದೇ ಅಂಕಿ. ಮಲೆನಾಡಿನಲ್ಲಿ ಕೂತು ಬರೆದದ್ದಾ ಅದು?


ಹಳೇ ಸಿಸ್ಟರ್

ಎಲ್ಲರೂ ಲೆಕ್ಕ ಚೆನ್ನಾಗಿ ಹೇಳ್ತಿದ್ದೀರಿ. ನನಗೆ ಒಂದು ಸಂಕಟ. ನಾನು 33 ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಸೇವೆಗೆ ಅಂತ ಬರುವ ಮಕ್ಕಳಿಗೆ ಹತ್ತೊಂಬತ್ತನೇ ವಯಸ್ಸಿಗೇ ‘ತಲೆಗೆ 150 ಲಾಭ’ ಅಂತ ಹೇಳಿಕೊಟ್ಟರೆ, ನಾಳೆ ಬೆಡ್ ಮೇಲೆ ಮಲಗಿದವರು ಅವರ ಕಣ್ಣಿಗೆ ಹೇಗೆ ಕಾಣ್ತಾರೆ? ಈಗಲೇ ಬೇಕಾದ್ದು ಬೇಡದ್ದು ಎಲ್ಲ ಟೆಸ್ಟ್ ಬರೆಸ್ತಾರೆ ಅಂತ ಜನ ಬೈತಿದ್ದಾರೆ. ನನ್ನ ತಮ್ಮನಿಗೆ ಮಾಮೂಲಿ ಕೆಮ್ಮಿಗೆ ಎರಡು ಸಾವಿರದ ಟೆಸ್ಟ್ ಆಯ್ತು. ಆ ಪಾಠ ಯಾವ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದು ಅಂತ ಕೇಳಬೇಕು ಅನ್ನಿಸ್ತು. ಹೇಳಿದ್ದು ತಪ್ಪಾದರೆ ಕ್ಷಮಿಸಿ.


ಸಾಗರದ ಫಿಸಿಯೊ

ಸಿಸ್ಟರ್, ತಪ್ಪೇನಿಲ್ಲ. ಆದರೆ ಲೆಕ್ಕ ಬರದೆ ಮುಚ್ಚಿದ ಸೆಂಟರ್‌ಗಳಿಂದಲೂ ರೋಗಿಗೆ ತೊಂದರೆಯೇ. ನಾನು ಮುಚ್ಚುವ ಹತ್ತಿರ ಹೋಗಿ ವಾಪಸ್ ಬಂದವನು.

ನಮ್ಮಲ್ಲಿ ಬರುವವರು ಯಾರು ಗೊತ್ತಾ? ಅಡಿಕೆ ಕೊನೆ ಕೊಯ್ಯುವವರ ಭುಜ, ಅಡಿಕೆ ಸುಲಿಯುವ ಹೆಂಗಸರ ಕುತ್ತಿಗೆ, ಮಣಿಕಟ್ಟು. ಸ್ಟ್ರೋಕ್ ಆಗಿ ಮನೆಯಲ್ಲಿ ಮಲಗಿದ ಹಿರಿಯರು. ಈ ಮೂರನೆಯವರು ಸೆಂಟರಿಗೆ ಬರೋಕಾಗಲ್ಲ, ನಾವೇ ಹೋಗಬೇಕು. ಒಂದು ಭೇಟಿಗೆ 400 ತಗೊಳ್ತೀನಿ. ಮೊದಲು ಕರೆದ ಕಡೆಗೆಲ್ಲ ಬೈಕ್ ಓಡಿಸ್ತಿದ್ದೆ. ಬೆಳಿಗ್ಗೆ ತಾಳಗುಪ್ಪ, ಅಲ್ಲಿಂದ ಆನಂದಪುರ, ಮತ್ತೆ ವಾಪಸ್ ಇಕ್ಕೇರಿ. ದಿನಕ್ಕೆ ಮೂರು ಮನೆ ಮುಗಿಸೋದರಲ್ಲಿ ಸಂಜೆ. ಚಿಕಿತ್ಸೆ ಕೊಟ್ಟಿದ್ದು ಎರಡೂವರೆ ಗಂಟೆ, ಬೈಕ್ ಮೇಲೆ ಕೂತಿದ್ದು ನಾಲ್ಕು ಗಂಟೆ. ನನಗೇ ಬೆನ್ನುನೋವು ಬಂತು! ಈಗ ಸೋಮವಾರ ಗುರುವಾರ ಒಂದು ದಿಕ್ಕು, ಮಂಗಳವಾರ ಶುಕ್ರವಾರ ಇನ್ನೊಂದು ದಿಕ್ಕು. ಅಷ್ಟೇ ಬದಲಾವಣೆ. ಈಗ ದಿನಕ್ಕೆ ಆರು ಮನೆ ಆಗುತ್ತೆ, ಪೆಟ್ರೋಲೂ ಕಡಿಮೆ. ತುಮರಿ ಕಡೆಯಿಂದ ಕರೆ ಬಂದರೆ ಮುಂಚೆ ಶರಾವತಿ ಹಿನ್ನೀರು ದಾಟಿಸುವ ಲಾಂಚಿನ ಟೈಮ್ ನೋಡಬೇಕಿತ್ತು, ಒಂದು ಮನೆಗೆ ಅರ್ಧ ದಿನ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದಮೇಲೆ ಆ ದಿಕ್ಕನ್ನೂ ಬುಧವಾರಕ್ಕೆ ಸೇರಿಸಿಕೊಂಡೆ. ಮಕ್ಕಳಿಗೆ ಮಾರುಕಟ್ಟೆ ಸಮೀಕ್ಷೆ ಅಂತ ಹೇಳುವ ಬದಲು ತಾಲ್ಲೂಕಿನ ಮ್ಯಾಪ್ ಕೊಟ್ಟು ಬಸ್ ದಾರಿ ಗುರುತು ಮಾಡಿಸಿ.

ಅಂದ ಹಾಗೆ ಫಿಸಿಯೊ ಸೆಂಟರಿಗೂ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಬೇಕು. 2007ರ ಕಾಯ್ದೆಯ ಪಟ್ಟಿಯಲ್ಲಿ ಲ್ಯಾಬ್ ಜೊತೆ ನಮ್ಮ ಹೆಸರೂ ಇದೆ. ದರಪಟ್ಟಿ ಜನರಿಗೆ ಕಾಣುವ ಹಾಗೆ ಹಾಕಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದು ಏನಪ್ಪಾ ಅಂದರೆ ಬೆನ್ನು, ಕುತ್ತಿಗೆ ಎಳೆದು ಹಿಡಿಯುವ ಟ್ರ್ಯಾಕ್ಷನ್ ಟೇಬಲ್ ಇಲ್ಲದೆ ಸೆಂಟರ್ ಅನ್ನಿಸಲ್ಲ ಅಂತ. ಸೆಕೆಂಡ್ ಹ್ಯಾಂಡ್ ಒಂದನ್ನು ತಗೊಂಡೆ. ಈಗ ಅದರ ಮೇಲೆ ಮಳೆಗಾಲದಲ್ಲಿ ಟವೆಲ್ ಒಣಗುತ್ತವೆ.


ತುಂಗೆ ದಡದ ಲ್ಯಾಬ್, ತೀರ್ಥಹಳ್ಳಿ

ಸಿಸ್ಟರ್, ನಿಮ್ಮ ಮಾತಿಗೆ ಉತ್ತರ ಕೊಡಲೇಬೇಕು. ನಾನು ಲ್ಯಾಬ್ ತೆರೆದ ಎರಡನೇ ತಿಂಗಳು ಒಂದು ಕ್ಲಿನಿಕ್‌ನಿಂದ ಫೋನ್ ಬಂತು. ಯಾವುದು ಅಂತ ಹೇಳಲ್ಲ. ‘ಪೇಶೆಂಟ್ ಕಳಿಸ್ತೀವಿ, ಬಿಲ್ಲಿನಲ್ಲಿ ನೂರಕ್ಕೆ ಮೂವತ್ತು ನಮಗೆ’ ಅಂದರು. ಕಮಿಷನ್ ಕೊಡೋದು ತಗೊಳೋದು ಡಾಕ್ಟರುಗಳ 2002ರ ನಿಯಮದಲ್ಲೇ ನಿಷೇಧ ಇದೆ. ಅದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನ್ನ ಲೆಕ್ಕ ಮಾತ್ರ. 250ರ ಬಿಲ್ಲಿನಲ್ಲಿ 75 ಅವರಿಗೆ ಹೋದರೆ ನನಗೆ ಉಳಿಯೋದು 150 ಅಲ್ಲ, 75. ಹನ್ನೆರಡು ಜನ ಸಾಕಾಗಿದ್ದ ಕಡೆ 24 ಜನ ಬೇಕು. 24 ಜನ ಈ ಊರಿನಲ್ಲಿ ಎಲ್ಲಿಂದ ಬರಬೇಕು? ಒಂದೋ ಬೇಡದ ಟೆಸ್ಟ್ ಬರೆಸಬೇಕು. ಇಲ್ಲ ಸ್ಯಾಂಪಲ್ ಸಿಂಕಿಗೆ ಸುರಿದು ಅಂದಾಜಿನಲ್ಲಿ ನಂಬರ್ ಬರೀಬೇಕು. ಮೂರನೇ ದಾರಿ ಇಲ್ಲ. ರಾತ್ರಿ ಕೂತು ಕೂಡಿಸಿ ಕಳೆದು ನೋಡಿದೆ, ಬೆಳಿಗ್ಗೆ ಆಗಲ್ಲ ಸರ್ ಅಂದೆ.

ನಾನು ದೊಡ್ಡ ಪ್ರಾಮಾಣಿಕಳು ಅಂತ ಹೇಳ್ತಿಲ್ಲ. ಆ ಲೆಕ್ಕ ಬರದಿದ್ದರೆ, ಪೇಶೆಂಟ್ ಬಂದರೆ ಸಾಕು ಅಂತ ಒಪ್ಕೊಂಡು ಬಿಡ್ತಿದ್ದೆ. ಆಮೇಲೆ ಸಿಕ್ಕಿಹಾಕಿಕೊಂಡ ಮೇಲೆ ಬಿಡೋಕಾಗಲ್ಲ. ನಿಮ್ಮ ತಮ್ಮನಿಗೆ ಟೆಸ್ಟ್ ಬರೆಸಿದವರ ಹಿಂದೆಯೂ ಇಂಥದ್ದೇ ಒಂದು ಲೆಕ್ಕ ಇರಬಹುದು.

ಮೇಡಂ, ಸಹಿ ವಿಷಯ ಬಿಟ್ಟಿದ್ದೆ. ನಿಮ್ಮ ಲ್ಯಾಬ್ ಮಕ್ಕಳಿಗೆ ಇದು ಕಹಿ ಗುಳಿಗೆ. ರಿಪೋರ್ಟ್‌ಗೆ ಟೆಕ್ನಿಶಿಯನ್ ಒಬ್ಬರದ್ದೇ ಸಹಿ ಸಾಕಾಗಲ್ಲ. ಪೆಥಾಲಜಿಯಲ್ಲಿ ಪಿ.ಜಿ. ಮಾಡಿದ ನೋಂದಾಯಿತ ವೈದ್ಯರ ಸಹಿ ಬೇಕು ಅಂತ 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನ್ನ ಪಟ್ಟಿಯಲ್ಲಿ ಡಾಕ್ಟರಿಗೆ 12,000 ಬಂದದ್ದು ಹಾಗೆ. ಮೊದಲು ಡಾಕ್ಟರ್ ಯಾರು ಅಂತ ಗೊತ್ತು ಮಾಡ್ಕೊಳ್ಳಿ, ಆಮೇಲೆ ಕಟ್ಟಡ ನೋಡಿ ಅಂತ ಹೇಳಿ. ಎಲ್ಲರೂ ಉಲ್ಟಾ ಮಾಡ್ತಾರೆ. ತ್ಯಾಜ್ಯದ ಗಾಡಿಯೂ ಹಾಗೇ. ರಕ್ತದ ಹತ್ತಿ ಹಳದಿ ಚೀಲಕ್ಕೆ, ಸಿರಿಂಜ್ ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಇದು ಮಕ್ಕಳಿಗೆ ಬಾಯಿಪಾಠ ಇರುತ್ತೆ. 48 ಗಂಟೆಗಿಂತ ಜಾಸ್ತಿ ಇಟ್ಕೊಳ್ಳೋ ಹಾಗಿಲ್ಲ ಅನ್ನೋದೂ ಗೊತ್ತಿರುತ್ತೆ. ರಸ್ತೆಗೆ ಮರ ಬಿದ್ದು ಗಾಡಿ ಬರದಿದ್ದ ದಿನ ಯಾರಿಗೆ ಫೋನ್ ಮಾಡಬೇಕು, ಅದು ಯಾವ ನೋಟ್ಸ್‌ನಲ್ಲೂ ಇಲ್ಲ.


ಕಾಮರ್ಸ್ ಮೇಡಂ, ಶಿವಮೊಗ್ಗ

ಎರಡು ವಾರ ಆಯ್ತು, ಉತ್ತರ ಬರೆಯೋಕೆ ತಡವಾಯಿತು. ಮೊದಲು ಒಂದು ಸಣ್ಣ ಜಗಳ. ಅಕ್ಕಾ, ನೀವು 9,000 ಕಂತನ್ನು ಪೂರ್ತಿ ಖರ್ಚು ಅಂತ ಬರೆದಿದ್ದೀರಿ. ನಮ್ಮ ಪುಸ್ತಕದ ಪ್ರಕಾರ ಬಡ್ಡಿ ಮಾತ್ರ ಖರ್ಚು, ಅಸಲು ಅಲ್ಲ. ಅದರ ಬದಲು ಮೆಷಿನ್ ಸವಕಳಿ ಬರೀಬೇಕು. ಕ್ಲಾಸಿನಲ್ಲಿ ಇದನ್ನು ಹೇಳಿದೆ. ಹಿಂದಿನ ಬೆಂಚಿನ ಒಬ್ಬಳು, ‘ಮೇಡಂ, ಬ್ಯಾಂಕಿನವರು ಸವಕಳಿ ಕೇಳ್ಕೊಂಡು ಮನೆಗೆ ಬರ್ತಾರಾ?’ ಅಂದಳು. ಎಲ್ಲರೂ ನಕ್ಕರು. ನಾನು ಎರಡು ಪಟ್ಟಿ ಹಾಕಿಸಿದೆ. ಒಂದು ಲಾಭದ್ದು, ಒಂದು ಕೈಗೆ ಬರುವ ದುಡ್ಡಿನದ್ದು. ಎಂ.ಕಾಂ.ನಲ್ಲಿ ಎರಡು ವರ್ಷ ಓದಿದರೂ ನನಗೆ ಅವೆರಡರ ವ್ಯತ್ಯಾಸ ಇಷ್ಟು ಚೆನ್ನಾಗಿ ಅರ್ಥ ಆಗಿರಲಿಲ್ಲ, ನಿಮ್ಮ ಉದ್ರಿ ಪುಸ್ತಕದಿಂದ ಆಯಿತು.

ಸಿರಿಂಜು, ಟ್ಯೂಬು, ಗ್ಲೌಸು ಎಲ್ಲ ಟೇಬಲ್ ಮೇಲೆ ಹರಡಿದೆ. ಬೆಲೆ ಹೇಳಿ ಅಂದೆ. ಒಬ್ಬರಿಗೂ ಗೊತ್ತಿಲ್ಲ! ದಿನಾ ಬಳಸುವ ಮಕ್ಕಳು. ಗ್ಲೌಸ್‌ಗೆ ಒಬ್ಬ 50 ರೂಪಾಯಿ ಅಂದ, ಇನ್ನೊಬ್ಬ 50 ಪೈಸೆ ಅಂದ. ಕಂಟ್ರೋಲ್ ಪ್ರಶ್ನೆ ಬಂದಾಗ ಮಾತ್ರ ಕ್ಲಾಸ್ ಎರಡು ಭಾಗ ಆಯಿತು. ಇಬ್ಬರೇ ಬಂದ ದಿನ ಹಾಕಬೇಕಾ ಬೇಡವಾ ಅಂತ ಜಗಳ. ಅವತ್ತು ಫ್ಯಾನ್ ಕೆಳಗೆ ಕೂತವರೂ ಮಲಗಲಿಲ್ಲ.

ಹೊಸನಗರ ಕಡೆಯ ಒಬ್ಬ ಹುಡುಗ ಇದ್ದಾನೆ. ಹಾಜರಿ ಕೂಗಿದಾಗ ಬಿಟ್ಟರೆ ಅವನ ದನಿ ಕೇಳಿದ್ದೇ ಇಲ್ಲ. ಮ್ಯಾಪ್ ಕೊಟ್ಟಾಗ ಅವನು ಎದ್ದು ನಿಂತ. ಅವನ ಅಮ್ಮನಿಗೆ ಶುಗರ್. ಮೂರು ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಮೊದಲ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬರ್ತಾರಂತೆ. ಲೈನಿನಲ್ಲಿ ನಿಂತು ರಕ್ತ ಕೊಡೋ ಹೊತ್ತಿಗೆ ಹತ್ತೂವರೆ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲೇ ತಲೆ ಸುತ್ತಿ ಕೂತಿದ್ದರಂತೆ. ಆಮೇಲೆ ಹೋಟೆಲಿನಲ್ಲಿ ತಿಂಡಿ ತಿಂದು, ಎರಡು ಗಂಟೆ ಕಾದು, ಮತ್ತೊಮ್ಮೆ ರಕ್ತ ಕೊಟ್ಟು, ಮಧ್ಯಾಹ್ನದ ಬಸ್ಸಿಗೆ ವಾಪಸ್. ಅವರ ದಾರಿಯಲ್ಲಿ ಪ್ರೈವೇಟ್ ಬಸ್ಸೇ ಜಾಸ್ತಿ, ಹಾಗಾಗಿ ಶಕ್ತಿ ಯೋಜನೆಯ ಫ್ರೀ ಟಿಕೆಟ್ ಇಲ್ಲ. ಬಸ್ ಚಾರ್ಜು, ತಿಂಡಿ, ಒಂದು ದಿನದ ಕೂಲಿ ಎಲ್ಲ ಬೋರ್ಡ್ ಮೇಲೆ ಬರೆದ. ಟೆಸ್ಟಿನ ದರ ಎಲ್ಲಕ್ಕಿಂತ ಕಡಿಮೆ ಇತ್ತು. ‘ಮೇಡಂ, ನಮ್ಮೂರಲ್ಲಿ ಲ್ಯಾಬ್ ಬೇಡ. ಬೆಳಿಗ್ಗೆ ಏಳಕ್ಕೆ ರಕ್ತ ತಗೊಂಡು ಕಳಿಸೋಕೆ ಒಬ್ಬರು ಇದ್ದರೆ ಸಾಕು’ ಅಂದ.

ಅಕ್ಕಾ, ಇದು ಆಗುವ ಮಾತಾ? ಅವನು ನನ್ನ ಹಿಂದೆ ಬಿದ್ದಿದ್ದಾನೆ. ಮತ್ತೆ ಇನ್ನೊಂದು ಕೇಳಬೇಕು. ಈ ಮಕ್ಕಳನ್ನು ಒಂದು ದಿನ ನಿಮ್ಮ ಲ್ಯಾಬ್‌ಗೆ ಕರ್ಕೊಂಡು ಬರಲಾ?


ತುಂಗೆ ದಡದ ಲ್ಯಾಬ್, ತೀರ್ಥಹಳ್ಳಿ

ಆಗುತ್ತೆ, ಆದರೆ ಆ ಹುಡುಗನಿಗೆ ಮೂರು ವಿಷಯ ಹೇಳಿ. ಶುಗರ್‌ಗೆ ಬೂದು ಮುಚ್ಚಳದ ಟ್ಯೂಬೇ ಆಗಬೇಕು. ಬೇರೆಯದರಲ್ಲಿ ಹಾಗೇ ಇಟ್ಟರೆ ರಕ್ತದ ಕಣಗಳೇ ಶುಗರ್ ತಿನ್ನುತ್ತಾ ಹೋಗ್ತವೆ, ಗಂಟೆಗೆ ನೂರಕ್ಕೆ ಐದಾರು ಕಡಿಮೆ ಆಗಿಬಿಡುತ್ತೆ. ಮೂರು ತಿಂಗಳ ಸರಾಸರಿ ನೋಡುವ ಎಚ್‌ಬಿಎ1ಸಿಗೆ ಖಾಲಿ ಹೊಟ್ಟೆ ಬೇಕಾಗಿಲ್ಲ. ಡಾಕ್ಟರು ಅದೊಂದನ್ನೇ ಬರೆದ ದಿನ ಅಮ್ಮ ದೋಸೆ ತಿಂದೇ ಬಸ್ ಹತ್ತಲಿ. ಮತ್ತೆ, ರಕ್ತ ತಗೊಳ್ಳೋದು ಮಾತ್ರ ತಾನೇ ಅಂತ ಸುಮ್ನೆ ಬೋರ್ಡ್ ಹಾಕಿಬಿಡೋದಲ್ಲ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೆಪಿಎಂಇ ನೋಡುವವರನ್ನು ಕೇಳಿಕೊಂಡು ಹೆಜ್ಜೆ ಇಡಲಿ. ಸ್ಯಾಂಪಲ್ ಯಾವ ಬಸ್ಸಿಗೆ ಹೋಗುತ್ತೆ, ಆ ಬಸ್ ತಪ್ಪಿದರೆ ಯಾವುದು, ಅದನ್ನೂ ಈಗಲೇ ಬರೆದಿಟ್ಟುಕೊಳ್ಳಲಿ.

ಕಂತಿನ ವಿಷಯದಲ್ಲಿ ನಿಮ್ಮ ಹಿಂದಿನ ಬೆಂಚಿನ ಹುಡುಗಿ ಪರ ನಾನು.

ಮಕ್ಕಳನ್ನು ಧಾರಾಳವಾಗಿ ಕರ್ಕೊಂಡು ಬನ್ನಿ. ಎಲ್ಲರೂ ಒಟ್ಟಿಗೆ ಬೇಡ, ನನ್ನ ಲ್ಯಾಬ್ ಅಷ್ಟು ದೊಡ್ಡದಲ್ಲ. ಎಂಟೆಂಟು ಜನ ಸಾಕು. ಹನ್ನೊಂದು ಗಂಟೆ ಮೇಲೆ ಬನ್ನಿ, ಅಷ್ಟರಲ್ಲಿ ಖಾಲಿ ಹೊಟ್ಟೆಯವರ ಲೈನು ಮುಗಿದಿರುತ್ತೆ. ಹೆಸರಿನ ಮೇಲೆ ಹಾಳೆ ಅಂಟಿಸಿ ಉದ್ರಿ ಪುಸ್ತಕ ತೋರಿಸ್ತೀನಿ. ಬರುವಾಗ ಶಿವಮೊಗ್ಗದಿಂದ ಎರಡು ಬಾಕ್ಸ್ ಬೂದು ಟ್ಯೂಬ್ ತಂದುಬಿಡಿ, ಇಲ್ಲಿ ಸ್ಟಾಕ್ ಇಲ್ಲ. ದುಡ್ಡು ಅಲ್ಲೇ ಕೊಡ್ತೀನಿ, ಉದ್ರಿ ಹೇಳಲ್ಲ.